ಅಂಗಡಿಗೆ ದುಡ್ಡು ಬೇಕು, ಯಾವ ಬಾಗಿಲು ತಟ್ಟೋದು? ಬ್ಯಾಂಕು, ಸಂಘ, ಒಡವೆ, ಚೀಟಿ, ಕೈಸಾಲ ಎಲ್ಲಾ ಒಂದೇ ಅಳತೆಯಲ್ಲಿ

ಕಿರಾಣಿ ಅಂಗಡಿ, ಟೈಲರಿಂಗ್, ಹಿಟ್ಟಿನ ಗಿರಣಿ, ತಳ್ಳುಗಾಡಿ, ಸಣ್ಣ ವರ್ಕ್‌ಶಾಪ್ ನಡೆಸೋರಿಗೆ ದುಡ್ಡಿನ ಅಡಚಣೆ ಬಂದಾಗ ಸಿಗೋ ಸಲಹೆ ಎರಡೇ ಥರ. ಒಂದು, "ಬ್ಯಾಂಕಿಗೆ ಹೋಗಿ ಮುದ್ರಾ ಕೇಳಿ, ಶೂರಿಟಿ ಇಲ್ದೇ ಕೊಡ್ತಾರೆ". ಇನ್ನೊಂದು, "ಬ್ಯಾಂಕಲ್ಲಿ ಚಪ್ಪಲಿ ಸವೆಯತ್ತೆ ಅಷ್ಟೇ, ಸುಮ್ನೆ ಫೈನಾನ್ಸಲ್ಲಿ ತಗೊಳ್ಳಿ". ಎರಡರಲ್ಲೂ ಅರ್ಧ ಸತ್ಯ ಇದೆ, ಯಾವ ಅರ್ಧ ನಿಮಗೆ ಅನ್ವಯ ಆಗತ್ತೆ ಅನ್ನೋದು ನಿಮಗೆ ಎಷ್ಟು ದುಡ್ಡು ಬೇಕು, ಅದು ಎಷ್ಟು ದಿನಕ್ಕೆ ವಾಪಸ್ ತಿರುಗಿ ಬರತ್ತೆ, ನಿಮ್ಮ ಹತ್ರ ಯಾವ ಕಾಗದ ಇದೆ ಅನ್ನೋದರ ಮೇಲೆ ನಿಂತಿದೆ. ಇಲ್ಲಿ ಕರ್ನಾಟಕದಲ್ಲಿ ಸಣ್ಣ ವ್ಯಾಪಾರಿಗೆ ನಿಜವಾಗ್ಲೂ ಸಿಗೋ ದಾರಿಗಳನ್ನ ಪಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಎಲ್ಲಾನೂ ರೂಪಾಯಿ ಬಡ್ಡಿಗೆ ಇಳಿಸಿ

ನಮ್ಮ ಕಡೆ ಬಡ್ಡಿ ಅಂದ್ರೆ ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಅಂತಾನೇ ಲೆಕ್ಕ. ಒಂದು ರೂಪಾಯಿ ಬಡ್ಡಿ, ಎರಡು ರೂಪಾಯಿ ಬಡ್ಡಿ, ಐದು ರೂಪಾಯಿ ಬಡ್ಡಿ. ಈ ಅಳತೆ ಬಹಳ ಒಳ್ಳೇದು, ಬಿಡಬೇಡಿ. ಬ್ಯಾಂಕಿನವರು ವರ್ಷಕ್ಕೆ 12 ಪರ್ಸೆಂಟ್ ಅಂದ್ರೆ ಅದು ಒಂದು ರೂಪಾಯಿ ಬಡ್ಡಿ, 24 ಅಂದ್ರೆ ಎರಡು ರೂಪಾಯಿ, 36 ಅಂದ್ರೆ ಮೂರು ರೂಪಾಯಿ.

ಆದ್ರೆ ಎರಡು ಕಡೆ ಈ ಲೆಕ್ಕ ದಾರಿ ತಪ್ಪಿಸತ್ತೆ. ಮೊದಲನೇದು ಫ್ಲಾಟ್ ಬಡ್ಡಿ. ಒಂದು ಲಕ್ಷ ತಗೊಂಡು 12 ತಿಂಗಳ ಕಂತು ಕಟ್ಟೋ ಸಾಲಕ್ಕೆ "12 ಪರ್ಸೆಂಟ್ ಫ್ಲಾಟ್" ಅಂದ್ರೆ ತಿಂಗಳಿಗೆ 9,333 ರೂಪಾಯಿ ಕಂತು ಬರತ್ತೆ, ಕೇಳೋಕೆ ಒಂದು ರೂಪಾಯಿ ಬಡ್ಡಿ ಥರಾನೇ ಇರತ್ತೆ. ಆದ್ರೆ ನೀವು ಪ್ರತಿ ತಿಂಗಳು ಅಸಲು ತೀರಿಸ್ತಾ ಬರ್ತಿದ್ರೂ ಬಡ್ಡಿ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೇ ಬೀಳ್ತಿರತ್ತೆ, ಹಾಗಾಗಿ ನಿಜವಾದ ದರ ವರ್ಷಕ್ಕೆ 21 ಪರ್ಸೆಂಟ್ ದಾಟತ್ತೆ, ಅಂದ್ರೆ ಹತ್ತತ್ರ ಒಂದೂ ಮುಕ್ಕಾಲು ರೂಪಾಯಿ ಬಡ್ಡಿ. ಯಾರೇ ದರ ಹೇಳಿದ್ರೂ "ಫ್ಲಾಟಾ, ರೆಡ್ಯೂಸಿಂಗಾ" ಅಂತ ಕೇಳಿ, ರೆಡ್ಯೂಸಿಂಗ್ ಅಂದ್ರೆ ಉಳಿದ ಅಸಲಿಗೆ ಮಾತ್ರ ಬಡ್ಡಿ.

ಎರಡನೇದು ದಿನದ ಕಲೆಕ್ಷನ್. ಹತ್ತು ಸಾವಿರ ಅಂತ ಬರ್ಕೊಂಡು ಕೈಗೆ ಒಂಬತ್ತು ಸಾವಿರ ಕೊಡ್ತಾರೆ, ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. "ಸಾವಿರ ರೂಪಾಯಿ ತಾನೇ ಹೋಗಿದ್ದು" ಅನ್ಸತ್ತೆ. ಲೆಕ್ಕ ಹಾಕಿದ್ರೆ ವರ್ಷಕ್ಕೆ 77 ಪರ್ಸೆಂಟ್, ಆರೂವರೆ ರೂಪಾಯಿ ಬಡ್ಡಿ. ಅದೇ ಕೈಗೆ ಎಂಟೂವರೆ ಸಾವಿರಾನೇ ಕೊಟ್ಟಿದ್ರೆ ಅದು 120 ದಾಟತ್ತೆ, ಅಂದ್ರೆ ಹತ್ತು ರೂಪಾಯಿ ಬಡ್ಡಿ. ಹಿಡ್ಕೊಂಡಿದ್ದು ಐನೂರು ಜಾಸ್ತಿ ಅಷ್ಟೇ, ಬಡ್ಡಿ ಮೂರೂವರೆ ರೂಪಾಯಿ ಮೇಲೆ ಹೋಯ್ತು. ಬೆಳಗ್ಗೆ 900 ತಗೊಂಡು ಸಂಜೆ 1,000 ಕೊಡೋ ಮೀಟರ್ ಬಡ್ಡಿ ಬಗ್ಗೆ ಲೆಕ್ಕ ಹಾಕೋದೇ ಬೇಡ, ಅಲ್ಲಿ ಇಡೀ ದಿನದ ದುಡಿಮೆಯ ಲಾಭದಲ್ಲಿ ದೊಡ್ಡ ಪಾಲು ಸಾಲ ಕೊಟ್ಟೋನ ಜೇಬಿಗೆ ಹೋಗ್ತಿರತ್ತೆ.

ರಿಸರ್ವ್ ಬ್ಯಾಂಕಿನ ನಿಯಮದ ಕೆಳಗೆ ಬರೋ ಬ್ಯಾಂಕು, ಫೈನಾನ್ಸ್ ಕಂಪನಿಗಳು ಈಗ ಸಾಲದ ಜೊತೆ ಒಂದು ಕೆಎಫ್‌ಎಸ್ ಹಾಳೆ ಕೊಡಬೇಕು, ಅದರಲ್ಲಿ ಬಡ್ಡಿ, ಪ್ರೊಸೆಸಿಂಗ್ ಫೀಸು, ಇನ್ಶೂರೆನ್ಸು ಎಲ್ಲಾ ಸೇರಿಸಿ ಎಪಿಆರ್ ಅಂತ ಒಂದೇ ಅಂಕಿ ಇರತ್ತೆ. ಅದನ್ನ 12ರಿಂದ ಭಾಗಿಸಿದ್ರೆ ರೂಪಾಯಿ ಬಡ್ಡಿ ಸಿಕ್ತು. ಆ ಹಾಳೆ ಸಾಲಗಾರನಿಗೆ ಅರ್ಥ ಆಗೋ ಭಾಷೆಯಲ್ಲೇ ಇರಬೇಕು ಅನ್ನೋದೂ ನಿಯಮ, ಅಂದ್ರೆ ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಬಹುದು.

ಬ್ಯಾಂಕು ಯಾಕೆ ಹಿಂದೆಮುಂದೆ ನೋಡತ್ತೆ

ಸಣ್ಣ ಉದ್ಯಮಗಳಿಗೆ ಬೇಕಾದ ಸಾಲಕ್ಕೂ ಸಿಗ್ತಿರೋ ಸಾಲಕ್ಕೂ ನಡುವೆ 20ರಿಂದ 25 ಲಕ್ಷ ಕೋಟಿ ರೂಪಾಯಿ ಅಂತರ ಇದೆ ಅಂತ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಯು.ಕೆ. ಸಿನ್ಹಾ ಸಮಿತಿ 2019ರಲ್ಲೇ ಅಂದಾಜು ಮಾಡಿತ್ತು. ಬ್ಯಾಂಕಲ್ಲಿ ದುಡ್ಡಿಲ್ಲ ಅಂತಲ್ಲ. ಐವತ್ತು ಸಾವಿರದ ಸಾಲಕ್ಕೂ ಐವತ್ತು ಲಕ್ಷದ ಸಾಲಕ್ಕೂ ಫೈಲು, ಜಾಗ ನೋಡೋದು, ವಸೂಲಿ ಫಾಲೋಅಪ್ಪು ಹತ್ತತ್ರ ಒಂದೇ ಕೆಲಸ, ಚಿಕ್ಕದ್ರಲ್ಲಿ ಬ್ಯಾಂಕಿಗೆ ಉಳಿಯೋದು ಕಡಿಮೆ. ಅದಕ್ಕಿಂತ ದೊಡ್ಡ ತೊಡಕು ಕಾಗದದ್ದು. ದಿನಕ್ಕೆ ಎಂಟು ಸಾವಿರ ವ್ಯಾಪಾರ ಮಾಡೋ ಅಂಗಡಿಯವರ ಪಾಸ್‌ಬುಕ್‌ಲ್ಲಿ ತಿಂಗಳಿಗೆ ಎರಡು ಎಂಟ್ರಿ ಇರತ್ತೆ, ಅಂಗಡಿಯ ಬಾಡಿಗೆ ಕರಾರು ಬಾಯಿಮಾತಲ್ಲಿ ಇರತ್ತೆ, ಜಾಗ ಇದ್ರೆ ಅದು ಅಪ್ಪನ ಹೆಸರಲ್ಲೋ ಅಜ್ಜನ ಹೆಸರಲ್ಲೋ ಇನ್ನೂ ಪಾಲಾಗದೇ ಇರತ್ತೆ, ಬೆಂಗಳೂರಲ್ಲಾದ್ರೆ ಬಿ ಖಾತಾ, ಅಂದ್ರೆ ಕಾಗದಪತ್ರ ಪೂರ್ತಿ ಸರಿ ಇಲ್ಲದ ಜಾಗ. ಹೆಣ್ಮಕ್ಕಳ ವಿಷಯದಲ್ಲಂತೂ ಅಂಗಡಿ ನಡೆಸೋದು ಅವರು, ಲೈಸೆನ್ಸು, ಕರೆಂಟ್ ಬಿಲ್ಲು ಎಲ್ಲಾ ಗಂಡನ ಹೆಸರಲ್ಲಿ, ಬ್ಯಾಂಕಿನ ಕಣ್ಣಿಗೆ ಅವರು ವ್ಯಾಪಾರಿಯೇ ಅಲ್ಲ. ಇದು ನನಗೆ ಎಲ್ಲಕ್ಕಿಂತ ಬೇಜಾರಾಗೋ ಸಂಗತಿ. ಸಾಧ್ಯ ಆದಷ್ಟು ಬೇಗ ಟ್ರೇಡ್ ಲೈಸೆನ್ಸು, ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರ ಮಾಡೋ ನೋಂದಣಿ) ಅವರ ಹೆಸರಿಗೇ ಮಾಡಿಸಿ.

ಇನ್ನೊಂದು ತೊಡಕು 2025ರ ಜುಲೈಯಲ್ಲಿ ಎದ್ದು ಕಾಣ್ತು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸು, ತರಕಾರಿ ಅಂಗಡಿಯವರಿಗೆಲ್ಲ ಜಿಎಸ್‌ಟಿ ನೋಟಿಸ್ ಕಳಿಸ್ತು, ಬೆಂಗಳೂರಲ್ಲಿ ಸುಮಾರು ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರ್ದು ಹಾಕಿದ್ರು. ಅವರ ಭಯ ನನಗೆ ಅರ್ಥ ಆಗತ್ತೆ. ಆದ್ರೆ ಸಾಲದ ಲೆಕ್ಕದಲ್ಲಿ ಅದು ನಿಮ್ಮ ಕೈಯಲ್ಲಿರೋ ಒಂದೇ ಒಂದು ಆದಾಯದ ಪುರಾವೆಯನ್ನ ನೀವೇ ಅಳಿಸಿದ ಹಾಗೆ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ವಹಿವಾಟು ದಾಟೋ ತನಕ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಾಗಲ್ಲ. ಆ ಮಿತಿ ಒಳಗಿದ್ರೆ ಕ್ಯೂಆರ್ ಕೋಡ್ ಇರಲಿ, ಆರು ತಿಂಗಳ ಯುಪಿಐ ಜಮಾ ಇರೋ ಸ್ಟೇಟ್‌ಮೆಂಟ್ ಬ್ಯಾಂಕಲ್ಲಿ ಯಾವ ಶಿಫಾರಸಿಗಿಂತ ಹೆಚ್ಚು ಮಾತಾಡತ್ತೆ. ಮಿತಿ ದಾಟಿದ್ರೆ ಅಕೌಂಟೆಂಟ್ ಹತ್ರ ಕೂತು ಸರಿ ಮಾಡ್ಕೊಳ್ಳಿ.

ಬ್ಯಾಂಕ್ ಸಾಲ: ಮುದ್ರಾ ಮತ್ತೆ ಅದರ ಅಕ್ಕಪಕ್ಕದವು

2015ರ ಏಪ್ರಿಲ್‌ನಲ್ಲಿ ಶುರುವಾದ ಮುದ್ರಾ ಅಂದ್ರೆ ಬೇರೆ ಯಾವುದೋ ಆಫೀಸು ಕೊಡೋ ಸಾಲ ಅಲ್ಲ, ನಿಮ್ಮೂರಿನ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಫೈನಾನ್ಸ್ ಕಂಪನಿಗಳೇ ಕೊಡೋ ಸಾಲ. ಶಿಶು ಅಂದ್ರೆ 50 ಸಾವಿರದ ತನಕ, ಕಿಶೋರ್ 5 ಲಕ್ಷದ ತನಕ, ತರುಣ್ 10 ಲಕ್ಷದ ತನಕ. ತರುಣ್ ತಗೊಂಡು ಸರಿಯಾಗಿ ತೀರಿಸಿದೋರಿಗೆ 2024ರಿಂದ 20 ಲಕ್ಷದ ತನಕ ತರುಣ್ ಪ್ಲಸ್ ಬಂದಿದೆ. ಇದು ಸಬ್ಸಿಡಿ ಅಲ್ಲ, ಪೂರ್ತಿ ವಾಪಸ್ ಕಟ್ಟೋ ಸಾಲಾನೇ, "ಮುದ್ರಾ ಸರ್ಕಾರದ ದುಡ್ಡು, ಕಟ್ಟದಿದ್ರೂ ನಡಿಯತ್ತೆ" ಅನ್ನೋರ ಮಾತು ಕೇಳಿ ಸಿಬಿಲ್ (ಸಾಲ ತೀರಿಸಿದ್ದರ ದಾಖಲೆ, ಅಂಕ) ಹಾಳು ಮಾಡ್ಕೊಂಡೋರು ಮುಂದೆ ಹತ್ತು ರೂಪಾಯಿ ಬಡ್ಡಿಗೆ ಹೋಗಿ ಬೀಳ್ತಾರೆ.

ಸಣ್ಣ ಉದ್ಯಮಕ್ಕೆ ಕನಿಷ್ಠ 10 ಲಕ್ಷದ ತನಕ ಬ್ಯಾಂಕು ಅಡಮಾನ ಕೇಳೋ ಹಾಗಿಲ್ಲ, ಅದು ರಿಸರ್ವ್ ಬ್ಯಾಂಕಿನ ನಿಯಮ. ಮ್ಯಾನೇಜರ್ "ಜಾಗದ ಪತ್ರ ತನ್ನಿ, ಇಲ್ಲಾ ಎಫ್‌ಡಿ ಇಡಿ" ಅಂದ್ರೆ ಸಿಜಿಟಿಎಂಎಸ್‌ಇ ಇಲ್ಲಾ ಮುದ್ರಾ ಗ್ಯಾರಂಟಿ (ನೀವು ಕಟ್ಟದಿದ್ರೆ ಬ್ಯಾಂಕಿನ ನಷ್ಟ ತುಂಬಿಕೊಡೋ ಗ್ಯಾರಂಟಿ ನಿಧಿಗಳು) ಕೆಳಗೆ ಹಾಕಿ ಅಂತ ನೇರವಾಗಿ ಹೇಳಿ, ಆ ಹೆಸರು ಗೊತ್ತಿರೋ ಗಿರಾಕಿ ಜೊತೆ ಮಾತಿನ ಧಾಟಿಯೇ ಬದಲಾಗತ್ತೆ. ಸಾಲ ಹೊಸದಾಗಿ ಕೇಳ್ತಿರೋರಿಗೆ "ನಿಮಗೆ ಸಿಬಿಲ್ ಹಿಸ್ಟರಿನೇ ಇಲ್ಲ" ಅನ್ನೋದೊಂದೇ ಕಾರಣಕ್ಕೆ ಇಲ್ಲ ಅನ್ನಬಾರದು ಅಂತಲೂ ರಿಸರ್ವ್ ಬ್ಯಾಂಕ್ ಹೇಳಿದೆ. ಬಡ್ಡಿ ಸಾಮಾನ್ಯವಾಗಿ ಮುಕ್ಕಾಲು ರೂಪಾಯಿಯಿಂದ ಒಂದು ರೂಪಾಯಿ ಆಸುಪಾಸು.

ಕೇಳೋವಾಗ ಟರ್ಮ್ ಲೋನಾ, ಕ್ಯಾಶ್ ಕ್ರೆಡಿಟ್ಟಾ ಅನ್ನೋದು ಯೋಚನೆ ಮಾಡಿ ಕೇಳಿ. ಹೊಲಿಗೆ ಮೆಷಿನ್, ಗಿರಣಿ ಮೋಟರ್, ಡೀಪ್ ಫ್ರೀಜರ್ ಅಂದ್ರೆ ಟರ್ಮ್ ಲೋನ್, ತಿಂಗಳ ಕಂತು. ಅಂಗಡಿಗೆ ಮಾಲು ತುಂಬಿಸೋಕಾದ್ರೆ ಸಿಸಿ (ಕ್ಯಾಶ್ ಕ್ರೆಡಿಟ್) ಅಥವಾ ಓಡಿ (ಓವರ್ ಡ್ರಾಫ್ಟ್) ಒಳ್ಳೇದು, ಬಳಸಿದಷ್ಟಕ್ಕೇ ಬಳಸಿದಷ್ಟು ದಿನಕ್ಕೇ ಬಡ್ಡಿ. ಗೌರಿ ಗಣೇಶ, ದೀಪಾವಳಿಗೆ ಎರಡು ಲಕ್ಷದ ಮಾಲು ತಂದು ಹಬ್ಬ ಮುಗಿದ ಮೇಲೆ ಜಮಾ ಮಾಡೋ ಬಟ್ಟೆ ಅಂಗಡಿಗೆ ಮೂರು ವರ್ಷದ ಟರ್ಮ್ ಲೋನ್ ಕಟ್ಟಿದ್ರೆ ಹಬ್ಬ ಇಲ್ಲದ ಆಷಾಢದಲ್ಲೂ ಕಂತು ಕಟ್ಟಬೇಕು, ಅಲ್ಲೇ ಬಹಳ ಜನ ಸಿಕ್ಕಿ ಹಾಕ್ಕೊಳ್ಳೋದು.

ಸಬ್ಸಿಡಿ ಇರೋ ಸ್ಕೀಮುಗಳು ಬೇರೆ. ಹೊಸ ಘಟಕ ಶುರು ಮಾಡೋರಿಗೆ ಕೇಂದ್ರ ಸರ್ಕಾರದ ಉದ್ಯೋಗ ಸೃಷ್ಟಿ ಯೋಜನೆ ಪಿಎಂಇಜಿಪಿ ಇದೆ, ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದ ತನಕದ ಯೋಜನೆ, ಹಳ್ಳಿಯಲ್ಲಿ ಮಹಿಳೆಯರು, ಎಸ್‌ಸಿ ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ 35 ಪರ್ಸೆಂಟ್ ತನಕ ಸಬ್ಸಿಡಿ, ಸಾಮಾನ್ಯ ವರ್ಗಕ್ಕೆ ಹಳ್ಳಿಯಲ್ಲಿ 25, ಪೇಟೆಯಲ್ಲಿ 15. ಈಗಾಗಲೇ ನಡೀತಿರೋ ಅಂಗಡಿಗೆ ಇದು ಸಿಗಲ್ಲ. ಬಡಗಿ, ಕಮ್ಮಾರ, ಕುಂಬಾರ, ಟೈಲರ್, ಚಮ್ಮಾರ, ಕ್ಷೌರಿಕ ಹೀಗೆ 18 ಕಸುಬುಗಳಿಗೆ ಪಿಎಂ ವಿಶ್ವಕರ್ಮ, ಮೊದಲು 1 ಲಕ್ಷ, ಆಮೇಲೆ 2 ಲಕ್ಷ, ಬಡ್ಡಿ 5 ಪರ್ಸೆಂಟ್, ಅಂದ್ರೆ ನಲವತ್ತು ಪೈಸೆ ಬಡ್ಡಿ, ಇದಕ್ಕಿಂತ ಅಗ್ಗ ಸಿಗೋದು ಕಷ್ಟ. ಮಹಿಳೆಯರಿಗೆ ರಾಜ್ಯದ ಉದ್ಯೋಗಿನಿ ಇದೆ, 3 ಲಕ್ಷದ ತನಕ. ಇವೆಲ್ಲ ನಿಧಾನ. ನಾಳೆ ಮಾಲು ತರಬೇಕು ಅನ್ನೋರಿಗೆ ಅಲ್ಲವೇ ಅಲ್ಲ, ಆರು ತಿಂಗಳು ಮುಂಚೆ ಯೋಚನೆ ಮಾಡೋರಿಗೆ.

ತಳ್ಳುಗಾಡಿಯವರಿಗೆ

ಬೀದಿ ಬದಿ ವ್ಯಾಪಾರಿ ಆಗಿದ್ರೆ ಬೇರೆ ಏನೂ ನೋಡೋಕೆ ಮುಂಚೆ ಪಿಎಂ ಸ್ವನಿಧಿ ನೋಡಿ. 2020ರ ಜೂನ್‌ನಲ್ಲಿ ಲಾಕ್‌ಡೌನ್ ಹೊತ್ತಲ್ಲಿ 10 ಸಾವಿರದಿಂದ ಶುರುವಾಗಿದ್ದು, 2025ರಲ್ಲಿ ಬದಲಾಗಿ ಈಗ ಮೊದಲ ಸಾಲ 15 ಸಾವಿರ, ಅದು ತೀರಿಸಿದ್ರೆ 25 ಸಾವಿರ, ಅದೂ ತೀರಿಸಿದ್ರೆ 50 ಸಾವಿರ, 2030ರ ಮಾರ್ಚ್ ತನಕ ಯೋಜನೆ ಮುಂದುವರಿಸಿದ್ದಾರೆ. ಸಮಯಕ್ಕೆ ಕಟ್ಟಿದ್ರೆ 7 ಪರ್ಸೆಂಟ್ ಬಡ್ಡಿ ಸಹಾಯಧನ ಖಾತೆಗೆ ವಾಪಸ್ ಬರತ್ತೆ. ನಗರಸಭೆ ಕೊಟ್ಟ ವ್ಯಾಪಾರಿ ಗುರುತಿನ ಚೀಟಿ ಬೇಕು, ಸರ್ವೆಯಲ್ಲಿ ಹೆಸರು ಬಿಟ್ಟೋಗಿದ್ರೆ ಶಿಫಾರಸು ಪತ್ರ ಕೇಳಬಹುದು. 15 ಸಾವಿರ ಕಡಿಮೆ ಅನ್ಸಬಹುದು. ಆದ್ರೆ ಇದರ ನಿಜವಾದ ಲಾಭ ಆ ದುಡ್ಡಲ್ಲ, ಜೀವನದಲ್ಲಿ ಮೊದಲ ಸಲ ಬ್ಯಾಂಕಿನ ಪುಸ್ತಕದಲ್ಲಿ "ತಗೊಂಡ, ತೀರಿಸಿದ" ಅಂತ ದಾಖಲೆ ಆಗೋದು. 2018ರಲ್ಲಿ ನಮ್ಮ ರಾಜ್ಯದಲ್ಲಿ ಬಡವರ ಬಂಧು ಅಂತ ಬಡ್ಡಿ ಇಲ್ಲದ ಸಾಲ ತಂದಿದ್ದೂ ಮೀಟರ್ ಬಡ್ಡಿಯಿಂದ ಇವರನ್ನ ಬಿಡಿಸೋಕೇ.

ಮೈಕ್ರೋ ಫೈನಾನ್ಸಾ, ಸ್ವಸಹಾಯ ಸಂಘಾನಾ

ಇವೆರಡೂ ಒಂದೇ ಅಂತ ಎಷ್ಟೋ ಜನ ಅನ್ಕೊಂಡಿದ್ದಾರೆ, ಎರಡಕ್ಕೂ "ಸಂಘದ ಸಾಲ" ಅಂತಾನೇ ಕರೀತಾರೆ. ಒಂದೇ ಅಲ್ಲ. ಸ್ವಸಹಾಯ ಸಂಘದಲ್ಲಿ ಹತ್ತು ಇಪ್ಪತ್ತು ಜನ ವಾರ ವಾರ ಉಳಿತಾಯ ಮಾಡ್ತೀರಿ, ಆ ದುಡ್ಡಲ್ಲೇ ಒಬ್ಬರಿಗೊಬ್ಬರು ಸಾಲ ಕೊಡ್ತೀರಿ, ಬಡ್ಡಿ ಸಂಘಕ್ಕೇ ಅಂದ್ರೆ ನಿಮಗೇ ವಾಪಸ್ ಬರತ್ತೆ, ಆಮೇಲೆ ಬ್ಯಾಂಕ್ ಲಿಂಕೇಜ್ ಆಗತ್ತೆ, ಅಂದ್ರೆ ಬ್ಯಾಂಕು ಸಂಘಕ್ಕೆ ಸಾಲ ಕೊಡತ್ತೆ. ಈ ಪದ್ಧತಿಗೆ ದಾರಿ ಹಾಕಿದ್ದರಲ್ಲಿ ಎಂಬತ್ತರ ದಶಕದಲ್ಲಿ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಕೆಲಸ ಮಾಡಿದ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆಯೂ ಒಂದು, 1992ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್ ಅದನ್ನ ಬ್ಯಾಂಕುಗಳಿಗೆ ಜೋಡಿಸ್ತು. ಮೈಕ್ರೋ ಫೈನಾನ್ಸ್ ಅಂದ್ರೆ ಕಂಪನಿ, ಗುಂಪು ಕಟ್ಟಿಸೋದು ಒಬ್ಬರಿಗೊಬ್ಬರು ಜವಾಬ್ದಾರಿ ಅಂತ, ಬಡ್ಡಿ ಕಂಪನಿಗೆ. ಸಾಮಾನ್ಯವಾಗಿ 20ರಿಂದ 26 ಪರ್ಸೆಂಟ್, ಎರಡು ರೂಪಾಯಿ ಬಡ್ಡಿ ಅಂತಿಟ್ಕೊಳ್ಳಿ.

ಹಾಗಾದ್ರೆ ಮೈಕ್ರೋ ಫೈನಾನ್ಸ್ ತಗೊಳ್ಳೋರು ದಡ್ಡರಾ? ಅಲ್ಲ. ಲೆಕ್ಕ ನೋಡಿ. 50 ಸಾವಿರ, ಎರಡು ವರ್ಷ. ಬ್ಯಾಂಕಲ್ಲಿ 11 ಪರ್ಸೆಂಟ್ ಆದ್ರೆ ತಿಂಗಳಿಗೆ 2,330 ಕಂತು, ಮೈಕ್ರೋ ಫೈನಾನ್ಸಲ್ಲಿ 24 ಆದ್ರೆ 2,644. ಎರಡು ವರ್ಷಕ್ಕೆ ವ್ಯತ್ಯಾಸ ಏಳೂವರೆ ಸಾವಿರ. ಬ್ಯಾಂಕಿಗೆ ಎಂಟು ಹತ್ತು ಸಲ ಅಂಗಡಿ ಮುಚ್ಚಿ ಓಡಾಡಿದ್ರೆ, ಆ ದಿನಗಳ ವ್ಯಾಪಾರ, ಬಸ್ ಚಾರ್ಜು, ಮಧ್ಯದಲ್ಲಿ ಒಬ್ಬ ಏಜೆಂಟಿಗೆ ಕೊಟ್ಟ ದುಡ್ಡು, ಇಷ್ಟರಲ್ಲೇ ಆ ಏಳೂವರೆ ಸಾವಿರ ಹೋಗಿರತ್ತೆ, ಜೊತೆಗೆ ಸಾಲ ಬರತ್ತೋ ಇಲ್ವೋ ಅನ್ನೋ ಆತಂಕ ಬೇರೆ. ಹಾಗಾಗಿ ಮನೆ ಬಾಗಿಲಿಗೆ ಬರೋ ಸಾಲ ತಗೊಳ್ತಾರೆ. ಈಗ ಅದೇ ಲೆಕ್ಕ 3 ಲಕ್ಷಕ್ಕೆ, ಮೂರು ವರ್ಷಕ್ಕೆ ಹಾಕಿ. 11 ಪರ್ಸೆಂಟಲ್ಲಿ ಕಂತು 9,822, 24ರಲ್ಲಿ 11,770, ಒಟ್ಟು ವ್ಯತ್ಯಾಸ 70 ಸಾವಿರ. ಅಷ್ಟಕ್ಕೆ ಹತ್ತಲ್ಲ, ಇಪ್ಪತ್ತು ಸಲ ಬ್ಯಾಂಕಿಗೆ ಓಡಾಡಿದ್ರೂ ನಷ್ಟ ಇಲ್ಲ. ನನ್ನ ಪ್ರಕಾರ ಇಡೀ ಹೋಲಿಕೆಯ ಹುರುಳು ಇಲ್ಲೇ ಇದೆ, ಮೊತ್ತ ಚಿಕ್ಕದು, ಅವಧಿ ಚಿಕ್ಕದು ಅಂದ್ರೆ ಬೇಗ ಸಿಗೋ ಸಾಲಕ್ಕೆ ಸ್ವಲ್ಪ ಜಾಸ್ತಿ ಬಡ್ಡಿ ಕೊಡೋದು ತಪ್ಪಲ್ಲ, ಎರಡು ಲಕ್ಷ ದಾಟಿದ ಮೇಲೆ ಬ್ಯಾಂಕಿನ ಓಡಾಟ ಎಷ್ಟೇ ಕಷ್ಟ ಆದ್ರೂ ಬಿಡಬೇಡಿ.

ಮೈಕ್ರೋ ಫೈನಾನ್ಸಲ್ಲಿ ಅಪಾಯ ಒಂದು ಸಾಲದಲ್ಲಿ ಇಲ್ಲ, ಒಂದು ತೀರಿಸೋಕೆ ಇನ್ನೊಂದು ತಗೊಳ್ಳೋದ್ರಲ್ಲಿ ಇದೆ. 2025ರ ಜನವರಿಯಲ್ಲಿ ಚಾಮರಾಜನಗರ, ರಾಮನಗರ, ಹಾವೇರಿ ಕಡೆಯಿಂದ ಬಂದ ಸುದ್ದಿ ನೆನಪಿರಬಹುದು, ಜನ ಊರೇ ಬಿಟ್ಟು ಹೋದ್ರು, ಪ್ರಾಣ ಕಳ್ಕೊಂಡ್ರು, ಹಾವೇರಿ ಜಿಲ್ಲೆ ಹೆಣ್ಮಕ್ಕಳು "ಮಾಂಗಲ್ಯ ಉಳಿಸಿ" ಅಂತ ಮುಖ್ಯಮಂತ್ರಿಗೆ ತಾಳಿ ಕಳಿಸೋ ಮಟ್ಟಕ್ಕೆ ಹೋಯ್ತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು, ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ರಿಸರ್ವ್ ಬ್ಯಾಂಕಿನ ನಿಯಮ ಏನಂದ್ರೆ, ಮೈಕ್ರೋ ಫೈನಾನ್ಸ್ ಅನ್ನೋದು ವರ್ಷಕ್ಕೆ 3 ಲಕ್ಷದ ಒಳಗೆ ಆದಾಯ ಇರೋ ಕುಟುಂಬಕ್ಕೆ, ಆ ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು, ವಸೂಲಿಗೆ ಬೆಳಗ್ಗೆ 9ರ ಮುಂಚೆ ಸಂಜೆ 6ರ ಮೇಲೆ ಬರೋ ಹಾಗಿಲ್ಲ, ಅವಧಿಗೆ ಮುಂಚೆ ತೀರಿಸಿದ್ರೆ ದಂಡ ಹಾಕೋ ಹಾಗಿಲ್ಲ. "ಅರ್ಧ ದಾಟಬಾರದು" ಅನ್ನೋದನ್ನ ಕಂಪನಿ ನೋಡತ್ತೆ ಅಂತ ಕಾಯಬೇಡಿ, ನೀವೇ ಒಂದು ಹಾಳೆಯಲ್ಲಿ ಬರ್ಕೊಳ್ಳಿ. ನನ್ನ ಕೇಳಿದ್ರೆ ಅರ್ಧಾನೂ ಜಾಸ್ತಿ, ಮೂರನೇ ಒಂದು ಭಾಗ ದಾಟಿದ್ರೆ ಮಗುಗೆ ಜ್ವರ ಬಂದ ತಿಂಗಳು ಕಂತು ತಪ್ಪತ್ತೆ. ಗುಂಪಲ್ಲಿ ಸೇರೋವಾಗ ಉಳಿದೋರು ಬೇರೆ ಎಲ್ಲೆಲ್ಲಿ ಸಾಲ ಮಾಡಿದ್ದಾರೆ ಅಂತ ಕೇಳೋಕೆ ಮುಜುಗರ ಪಡಬೇಡಿ, ಅವರು ಕಟ್ಟದಿದ್ರೆ ನಿಮ್ಮ ಮನೆ ಮುಂದೆ ಬಂದು ನಿಲ್ತಾರೆ.

ಒಡವೆ ಇಟ್ಟು ಸಾಲ

ಬೇಗ ಬೇಕು, ಕಡಿಮೆ ಬಡ್ಡಿಗೆ ಬೇಕು, ಕಾಗದ ಇಲ್ಲ. ಈ ಮೂರೂ ಒಟ್ಟಿಗೆ ಸಾಧ್ಯ ಆಗೋ ಒಂದೇ ದಾರಿ ಒಡವೆ. ಬ್ಯಾಂಕಲ್ಲಾದ್ರೆ ಹೆಚ್ಚುಕಡಿಮೆ ಮುಕ್ಕಾಲರಿಂದ ಒಂದು ರೂಪಾಯಿ ಬಡ್ಡಿ, ಅದೇ ದಿನ ದುಡ್ಡು. ಖಾಸಗಿ ಗೋಲ್ಡ್ ಲೋನ್ ಕಂಪನಿಯಲ್ಲಿ ಗ್ರಾಮಿಗೆ ಜಾಸ್ತಿ ಕೊಡ್ತಾರೆ, ಬಡ್ಡಿ ಎರಡು ರೂಪಾಯಿ ತನಕ ಹೋಗತ್ತೆ, ಮೊದಲ ತಿಂಗಳ ದರ ಹೇಳಿ ಕಂತು ತಡ ಆದ್ರೆ ದರ ಏರಿಸೋ ಸ್ಕೀಮುಗಳೂ ಇವೆ, ಅದನ್ನ ಓದಿ ಸಹಿ ಹಾಕಿ. ರಿಸರ್ವ್ ಬ್ಯಾಂಕಿನ ಹೊಸ ನಿಯಮದಲ್ಲಿ ಎರಡೂವರೆ ಲಕ್ಷದ ತನಕದ ಸಾಲಕ್ಕೆ ಚಿನ್ನದ ಬೆಲೆಯ 85 ಪರ್ಸೆಂಟ್ ತನಕ ಕೊಡಬಹುದು. ಸಾಲ ತೀರಿಸಿ ಏಳು ವರ್ಕಿಂಗ್ ಡೇ ಒಳಗೆ ಒಡವೆ ವಾಪಸ್ ಕೊಡದಿದ್ರೆ, ತಪ್ಪು ಅವರದ್ದಾದ್ರೆ, ದಿನಕ್ಕೆ 5,000 ಪರಿಹಾರ ಕೊಡಬೇಕು.

ಒಡವೆ ಸಾಲ ಯಾವುದಕ್ಕೆ ಅಂದ್ರೆ ತಿರುಗಿ ಬರೋ ದುಡ್ಡಿಗೆ. ಹಬ್ಬದ ಮಾಲಿಗೆ, ಸುಗ್ಗಿ ಹೊತ್ತಲ್ಲಿ ಮೆಣಸಿನಕಾಯಿ, ಶೇಂಗಾ ಕೊಂಡಿಡೋಕೆ, ಬರೋದು ಖಾತ್ರಿ ಇರೋ ಬಿಲ್ಲಿನ ಮೇಲೆ. ಅಂಗಡಿಯ ನಷ್ಟ ಮುಚ್ಚೋಕೆ ಒಡವೆ ಇಡಬೇಡಿ. ಅಂಗಡಿ ನಷ್ಟದಲ್ಲಿದ್ರೆ ದುಡ್ಡೂ ಹೋಗತ್ತೆ, ಮನೆಯಾಕೆಯ ಹತ್ರ ಇದ್ದ ಒಂದೇ ಆಸ್ತೀನೂ ಹರಾಜಾಗತ್ತೆ. ಅವರನ್ನ ಕೇಳದೇ ಅಂತೂ ಇಡಲೇಬೇಡಿ.

ಚೀಟಿ, ಪಿಗ್ಮಿ, ಸೊಸೈಟಿ

ಚೀಟಿ ಸಾಲ ಹೌದೋ ಉಳಿತಾಯ ಹೌದೋ ಅಂತ ಜಗಳ ಇದ್ದೇ ಇದೆ. ಲೆಕ್ಕ ಹಾಕಿ ನೋಡಿ. 20 ಜನ, ತಿಂಗಳಿಗೆ 5 ಸಾವಿರ, 1 ಲಕ್ಷದ ಚೀಟಿ. ಮೂರನೇ ತಿಂಗಳು ನೀವು 25 ಸಾವಿರ ಬಿಟ್ಟು ಕೂಗಿ 75 ಸಾವಿರ ಎತ್ತಿದ್ರಿ ಅಂತಿಟ್ಕೊಳ್ಳಿ. ಅಷ್ಟೊತ್ತಿಗೆ ಲಾಭಾಂಶ (ಎತ್ತೋರು ಬಿಟ್ಟ ದುಡ್ಡಲ್ಲಿ ನಿಮ್ಮ ಪಾಲು) ಕಳೆದು 12 ಸಾವಿರ ಕಟ್ಟಿರ್ತೀರಿ, ಅಂದ್ರೆ ನಿಜವಾಗಿ ಸಿಕ್ಕಿದ್ದು 63 ಸಾವಿರ. ಮುಂದಿನ 17 ತಿಂಗಳು ಸರಾಸರಿ 4,500ರಂತೆ ಕಟ್ಟಿದ್ರೆ ಒಟ್ಟು 76,500. ಇದು ಹತ್ತತ್ರ ಎರಡೂ ಕಾಲು ರೂಪಾಯಿ ಬಡ್ಡಿ ಆಯ್ತು, ಮೈಕ್ರೋ ಫೈನಾನ್ಸಿಗಿಂತ ಒಂಚೂರು ಜಾಸ್ತಿ. ಮೊದಲ ತಿಂಗಳುಗಳಲ್ಲಿ ಎತ್ತೋರಿಗೆ ದುಬಾರಿ ಸಾಲ, ಕೊನೆಗೆ ಎತ್ತೋರಿಗೆ ಒಳ್ಳೆ ಉಳಿತಾಯ. ಕಾಗದ ಕೇಳಲ್ಲ, ಯಾರ ಮುಂದೆಯೂ ಕೈ ಕಟ್ಟಿ ನಿಲ್ಲಬೇಕಿಲ್ಲ ಅನ್ನೋದು ಇದರ ದೊಡ್ಡ ಗುಣ. ಆದ್ರೆ ಇದು ಸಿಬಿಲ್‌ಗೆ ಲೆಕ್ಕಕ್ಕಿಲ್ಲ, ಹತ್ತು ವರ್ಷ ಚಾಚೂ ತಪ್ಪದೇ ಕಟ್ಟಿದ್ರೂ ಬ್ಯಾಂಕಿಗೆ ನೀವು ಹೊಸಬರೇ. ಚೀಟಿ ನಡೆಸೋನು ಓಡಿಹೋದ್ರೆ ಮುಗೀತು, ಹಾಗಾಗಿ 1982ರ ಚಿಟ್ ಫಂಡ್ ಕಾಯ್ದೆ ಕೆಳಗೆ ರಿಜಿಸ್ಟರ್ ಆಗಿರೋದನ್ನೇ ನೋಡಿ, ಅಲ್ಲಿ ನಡೆಸೋರ ಕಮಿಷನ್ 7 ಪರ್ಸೆಂಟ್ ದಾಟೋ ಹಾಗಿಲ್ಲ. ಸರ್ಕಾರದ ಎಂಎಸ್‌ಐಎಲ್ ಕೂಡ ಚಿಟ್ ಫಂಡ್ ನಡೆಸತ್ತೆ.

ಪಿಗ್ಮಿ ನಮ್ಮದೇ ನೆಲದ ಪದ್ಧತಿ, ಕರಾವಳಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸೋದ್ರಿಂದ ಶುರು ಮಾಡಿದ್ದು. ಆ ಬ್ಯಾಂಕು 2020ರಲ್ಲಿ ಕೆನರಾ ಜೊತೆ ಸೇರ್ತು, ಪದ್ಧತಿ ಇವತ್ತಿಗೂ ಊರೂರಿನ ಸೊಸೈಟಿಗಳಲ್ಲಿ ನಡೀತಿದೆ. ದಿನಕ್ಕೆ ನೂರು ಕಟ್ತಿದ್ರೆ ಆರು ತಿಂಗಳಲ್ಲಿ 18 ಸಾವಿರ, ಅದರ ಆಧಾರದ ಮೇಲೆ ಸಾಲಾನೂ ಕೊಡ್ತಾರೆ. ದಿನದ ಕಲೆಕ್ಷನ್ ಸಾಲಕ್ಕೆ ನೂರು ಕಟ್ಟೋ ಶಕ್ತಿ ಇರೋರಿಗೆ ಪಿಗ್ಮಿಗೆ ನೂರು ಕಟ್ಟೋ ಶಕ್ತಿನೂ ಇರತ್ತೆ, ಮೊದಲ ಮೂರು ನಾಲ್ಕು ತಿಂಗಳು ದಾಟೋದೇ ಕಷ್ಟ.

ಪತ್ತಿನ ಸಹಕಾರ ಸಂಘ, ಸೌಹಾರ್ದ ಇವುಗಳ ದೊಡ್ಡ ಅನುಕೂಲ ಅಂದ್ರೆ ನಿಮ್ಮನ್ನ ಗೊತ್ತಿರೋರು ಅಲ್ಲಿ ಕೂತಿರ್ತಾರೆ, ಕನ್ನಡದಲ್ಲಿ ಮಾತಾಡ್ತಾರೆ, ಅಂಗಡಿ ಹೇಗೆ ನಡೀತಿದೆ ಅಂತ ಪಾಸ್‌ಬುಕ್ ಇಲ್ದೇನೇ ಗೊತ್ತಿರತ್ತೆ. ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ. ಬಡ್ಡಿ ಬ್ಯಾಂಕಿಗಿಂತ ಜಾಸ್ತಿ, ಮೈಕ್ರೋ ಫೈನಾನ್ಸಿಗಿಂತ ಸಾಮಾನ್ಯವಾಗಿ ಕಡಿಮೆ. ಒಂದೇ ಎಚ್ಚರ, ಸಹಕಾರಿ ಬ್ಯಾಂಕಿನ ಠೇವಣಿಗೆ ಇರೋ 5 ಲಕ್ಷದ ವಿಮೆ ಸೊಸೈಟಿಗೆ ಇಲ್ಲ, ಸಾಲಕ್ಕೆ ಹೋಗಿ, ಜೀವಮಾನದ ಉಳಿತಾಯವೆಲ್ಲ ಅಲ್ಲೇ ಇಡಬೇಡಿ.

ಕೈಸಾಲ, ಉದ್ರಿ, ಆ್ಯಪ್

ನೆಂಟರು, ಗೆಳೆಯರ ಹತ್ರ ಒಂದೆರಡು ರೂಪಾಯಿ ಬಡ್ಡಿಗೆ ತಗೊಂಡ ಕೈಸಾಲ ಕೆಟ್ಟದ್ದಲ್ಲ, ಎಷ್ಟೋ ಅಂಗಡಿ ಅದರಲ್ಲೇ ಎದ್ದು ನಿಂತಿವೆ. ಬರ್ಕೊಂಡು ತಗೊಳ್ಳಿ, ಕಟ್ಟಿದ್ದನ್ನ ಯುಪಿಐಲ್ಲೇ ಕಟ್ಟಿ. ಐದು ರೂಪಾಯಿ ದಾಟಿದ್ರೆ ಮಾತ್ರ ಒಂದು ಪ್ರಶ್ನೆ ಕೇಳ್ಕೊಳ್ಳಿ, ನಿಮ್ಮ ವ್ಯಾಪಾರದಲ್ಲಿ ಹಾಕಿದ ನೂರು ರೂಪಾಯಿ ತಿಂಗಳಿಗೆ ಎಷ್ಟು ದುಡಿಯತ್ತೆ? ಹಣ್ಣು ತರಕಾರಿಯವರಿಗೆ ದುಡ್ಡು ದಿನಾ ತಿರುಗೋದ್ರಿಂದ ಐದು ರೂಪಾಯಿ ಹೊರಬಹುದು, ಹಾರ್ಡ್‌ವೇರ್ ಅಂಗಡಿಗೆ ಆಗಲ್ಲ. ಖಾಲಿ ಚೆಕ್ಕು, ಖಾಲಿ ಬಾಂಡ್ ಪೇಪರಿಗೆ ಸಹಿ ಕೇಳಿದ್ರೆ ಎದ್ದು ಬನ್ನಿ. ಮಿತಿಮೀರಿದ ಬಡ್ಡಿ ತಡೆಯೋಕೆ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆ ಇದೆ, ಪೊಲೀಸರ ಹತ್ರ ಹೋಗಬಹುದು.

ಹೋಲ್‌ಸೇಲ್‌ನವರ ಉದ್ರಿ ಬಡ್ಡಿ ಇಲ್ಲದ ಸಾಲ ಥರ ಕಾಣತ್ತೆ. ಕ್ಯಾಶ್ ಕೊಟ್ರೆ ಎಷ್ಟು ಕಮ್ಮಿಗೆ ಕೊಡ್ತೀರಿ ಅಂತ ಒಂದು ಸಲ ಕೇಳಿ. ನೂರಕ್ಕೆ ಮೂರು ರೂಪಾಯಿ ಕಮ್ಮಿ ಅಂದ್ರೆ, ಹದಿನೈದು ದಿನದ ಉದ್ರಿಗೆ ನೀವು ತಿಂಗಳಿಗೆ ಆರು ರೂಪಾಯಿ ಬಡ್ಡಿ ಕೊಡ್ತಿದ್ದೀರಿ. ಆ ಲೆಕ್ಕದಲ್ಲಿ ಬ್ಯಾಂಕಿನ ಓಡಿ ತಗೊಂಡು ಕ್ಯಾಶಿಗೆ ಮಾಲು ತರೋದೇ ಲಾಭ. ಇನ್ನು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಂಪನಿಗೆ ಜಾಬ್‌ವರ್ಕ್ ಮಾಡೋರಿಗೆ ಎಷ್ಟೋ ಸಲ ಬೇಕಾಗಿರೋದು ಸಾಲ ಅಲ್ಲ, ಬರಬೇಕಾದ ಬಿಲ್ಲು. ಉದ್ಯಮ್ ನೋಂದಣಿ ಇರೋ ಸಣ್ಣ ಘಟಕಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳತ್ತೆ, ತಡ ಆದ್ರೆ ರಿಸರ್ವ್ ಬ್ಯಾಂಕ್ ಗೊತ್ತು ಮಾಡೋ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಗಿರಾಕಿ ಕೈ ತಪ್ಪತ್ತೆ ಅಂತ ಜನ ದೂರು ಕೊಡೋಕೆ ಹೆದರ್ತಾರೆ, ಆ ಹೆದರಿಕೆ ಸುಳ್ಳಲ್ಲ.

ಲೋನ್ ಆ್ಯಪ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಯಾವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ರಿಸರ್ವ್ ಬ್ಯಾಂಕಿನ ಕೆಳಗೆ ಬರೋ ಫೈನಾನ್ಸ್ ಕಂಪನಿ) ಪರವಾಗಿ ಸಾಲ ಕೊಡ್ತಿದೆ ಅಂತ ಆ್ಯಪಲ್ಲಿ ಹೆಸರಿಲ್ಲ ಅಂದ್ರೆ, ಕಾಂಟ್ಯಾಕ್ಟ್ಸು, ಗ್ಯಾಲರಿ ಪರ್ಮಿಷನ್ ಕೇಳಿದ್ರೆ, ಆ ಕ್ಷಣವೇ ಡಿಲೀಟ್ ಮಾಡಿ. ನಿಯಮದ ಪ್ರಕಾರ ಅವೆರಡೂ ಮಾಡೋ ಹಾಗಿಲ್ಲ. ಸರಿಯಾದ ಆ್ಯಪುಗಳ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಲ್ಲಿ 2025ರ ಜುಲೈಯಿಂದ ಇದೆ.

ಅರ್ಜಿ ಹಾಕೋಕೆ ಮುಂಚೆ, ಹಾಕಿದ ಮೇಲೆ

ಉದ್ಯಮ್ ನೋಂದಣಿ ಆಧಾರ್ ಇಟ್ಕೊಂಡು ಆನ್‌ಲೈನಲ್ಲಿ ಮಾಡೋದು, ಪೂರ್ತಿ ಉಚಿತ, ಎರಡು ಸಾವಿರ ಕೇಳೋ ಏಜೆಂಟಿಗೆ ಒಂದು ರೂಪಾಯಿನೂ ಕೊಡಬೇಡಿ. ಸಿಬಿಲ್ ರಿಪೋರ್ಟ್ ವರ್ಷಕ್ಕೊಂದು ಉಚಿತ, ತೆಗೆದು ನೋಡಿ, ಎಷ್ಟೋ ಸಲ ತೀರಿಸಿದ ಬೈಕ್ ಸಾಲ ಇನ್ನೂ ಬಾಕಿ ಅಂತ ಕೂತಿರತ್ತೆ, ಇಲ್ಲಾ ಯಾರಿಗೋ ಜಾಮೀನು ಹಾಕಿದ್ದು ನಿಮ್ಮ ತಲೆ ಮೇಲಿರತ್ತೆ. ಬ್ಯಾಂಕಿಗೆ ಅರ್ಜಿ ಕೊಟ್ರೆ ಕೈಯಲ್ಲಿ ಸ್ವೀಕೃತಿ ಇಸ್ಕೊಳ್ಳಿ. ಸಣ್ಣ ಉದ್ಯಮದ 25 ಲಕ್ಷದ ತನಕದ ಅರ್ಜಿಗೆ 14 ವರ್ಕಿಂಗ್ ಡೇ ಒಳಗೆ ಹೌದು ಇಲ್ಲ ಹೇಳಬೇಕು, ಇಲ್ಲ ಅಂದ್ರೆ ಕಾರಣ ಬರವಣಿಗೆಯಲ್ಲಿ ಕೊಡಬೇಕು. "ನೋಡೋಣ, ಮುಂದಿನ ವಾರ ಬನ್ನಿ" ಅನ್ನೋದು ಉತ್ತರ ಅಲ್ಲ. ಬರವಣಿಗೆಯ ಕಾರಣ ಸಿಕ್ರೆ ಅದನ್ನ ಸರಿ ಮಾಡ್ಕೊಂಡು ಇನ್ನೊಂದು ಶಾಖೆಗೆ ಹೋಗಬಹುದು. ಆ ಪತ್ರಾನೂ ಕೊಡದಿದ್ರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ರೆ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೀಬಹುದು, ಸಹಾಯವಾಣಿ 14448, ದೂರಿಗೆ ಫೀಸಿಲ್ಲ, ವಕೀಲರೂ ಬೇಡ.